ಷೇರಿನ ಟಿಪ್ಸ್ ಮತ್ತು ಬೆಲೆಯ ಏರಿಳಿತ: ದಾವಣಗೆರೆಯ ಸಣ್ಣ ಹೂಡಿಕೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡಿಪೇಟೆಯ ವರ್ತಕರು, ನಿವೃತ್ತ ಬ್ಯಾಂಕ್ ನೌಕರರು, ಕಾಲೇಜು ಅಧ್ಯಾಪಕರು, ಅಡಿಕೆ ಮಾರಿ ಬಂದ ಹಣವನ್ನು ಎಲ್ಲಿಡಬೇಕೆಂದು ಯೋಚಿಸುವ ಚನ್ನಗಿರಿ ಕಡೆಯ ಬೆಳೆಗಾರರು, ಮೊದಲ ಸಂಬಳದಲ್ಲೇ ಷೇರುಗಳನ್ನು ಇಡುವ ಡಿಮ್ಯಾಟ್ ಖಾತೆ ತೆರೆದ ಹುಡುಗರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಲಾಗಿದೆ. "ಈಗ ಯಾವ ಷೇರು ತಗೊಳ್ಳಲಿ?" ಎಂಬುದೇ ಎಲ್ಲಕ್ಕಿಂತ ಹೆಚ್ಚು ಸಲ ಬರುವ ಪ್ರಶ್ನೆ, ಅದಕ್ಕೆ ಇಲ್ಲಿ ಉತ್ತರವಿಲ್ಲ. ಹೆಸರಿಸಿದ ಕಂಪನಿಗಳು ಉದಾಹರಣೆಗೆ ಮಾತ್ರ.

## ಆರಂಭದ ಪ್ರಶ್ನೆಗಳು

ಷೇರಿನ ಬೆಲೆಯನ್ನು ನಿಜವಾಗಿ ಯಾರು ಕಟ್ಟುತ್ತಾರೆ? ಕಂಪನಿಯವರೋ, ಸರ್ಕಾರವೋ?

ಇಬ್ಬರೂ ಅಲ್ಲ. ಹೊಸದಾಗಿ ಷೇರು ನೀಡುವಾಗ ಮಾತ್ರ ಬೆಲೆಯನ್ನು ಗೊತ್ತುಮಾಡುವುದರಲ್ಲಿ ಕಂಪನಿಗೆ ಪಾತ್ರವಿರುತ್ತದೆ. ಆಮೇಲೆ ಷೇರುಗಳನ್ನು ಕೊಟ್ಟು ಕೊಳ್ಳುವ ಪೇಟೆಯಾದ ವಿನಿಮಯ ಕೇಂದ್ರದಲ್ಲಿ ಕೊಳ್ಳುವವರ ಮತ್ತು ಮಾರುವವರ ಆರ್ಡರ್‌ಗಳು ಒಂದಕ್ಕೊಂದು ತಾಳೆಯಾದಾಗಲೆಲ್ಲ ಹೊಸ ಬೆಲೆ ಹುಟ್ಟುತ್ತದೆ. ನಮ್ಮ ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳದ ರಾಶಿಗೆ ಟೆಂಡರ್ ಆಗುವುದನ್ನು ನೋಡಿದವರಿಗೆ ಇದು ಹೊಸದಲ್ಲ: ಆ ದಿನ ಮಾರಾಟವಾದ ಕೆಲವು ರಾಶಿಗಳ ದರವೇ, ಮನೆಯಲ್ಲಿ ಚೀಲ ಕಟ್ಟಿಟ್ಟು ಕುಳಿತವನ ಜೋಳದ ದರವೂ ಆಗಿಬಿಡುತ್ತದೆ. ಷೇರಿನಲ್ಲಿಯೂ ಒಂದು ದಿನ ಕೈ ಬದಲಾಗುವುದು ಒಟ್ಟು ಷೇರುಗಳ ಬಹಳ ಸಣ್ಣ ಭಾಗ; ಆದರೆ ಕೊನೆಯ ವ್ಯವಹಾರದ ಬೆಲೆಯಲ್ಲೇ ಉಳಿದೆಲ್ಲ ಷೇರುಗಳ ಮೌಲ್ಯವನ್ನೂ ಲೆಕ್ಕ ಹಾಕುತ್ತಾರೆ. "ಹೂಡಿಕೆದಾರರ ಇಷ್ಟು ಲಕ್ಷ ಕೋಟಿ ಕರಗಿತು" ಎಂಬ ತಲೆಬರಹ ಹುಟ್ಟುವುದು ಈ ಲೆಕ್ಕದಿಂದಲೇ ಹೊರತು, ಅಷ್ಟು ಹಣ ಆ ದಿನ ಯಾರ ಜೇಬಿನಿಂದಲೂ ಹೊರಗೆ ಹೋಗಿರುವುದಿಲ್ಲ.

ವ್ಯವಹಾರದ ಸಮಯ ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ. ಅದಕ್ಕೆ ಮುನ್ನ 9 ಗಂಟೆಯಿಂದ ಆರ್ಡರ್‌ಗಳನ್ನು ಕೂಡಿಹಾಕಿ ಆರಂಭದ ಬೆಲೆಯನ್ನು ಕಂಡುಕೊಳ್ಳುವ ಪೂರ್ವ ಅವಧಿಯೊಂದಿದೆ. ರಾತ್ರಿ ಬಂದ ಒಳ್ಳೆಯ ಸುದ್ದಿಯನ್ನು ಕೇಳಿ ಬೆಳಿಗ್ಗೆ ಕೊಳ್ಳಲು ಹೋದವರಿಗೆ ಷೇರು ಆಗಲೇ ಏರಿ ಕುಳಿತಿರುವುದು ಕಾಣುವುದಕ್ಕೆ ಇದೇ ಕಾರಣ.

20 ರೂಪಾಯಿಯ ಷೇರು ಅಗ್ಗ, 3,000 ರೂಪಾಯಿಯದು ದುಬಾರಿ ಅಲ್ಲವೇ? ಸಣ್ಣವರು ಅಗ್ಗದ್ದನ್ನೇ ಕೊಳ್ಳಬೇಕಲ್ಲವೇ?

ಒಂದು ಷೇರಿನ ಬೆಲೆಯನ್ನು ಮಾತ್ರ ನೋಡಿ ಅಗ್ಗ, ದುಬಾರಿ ಎಂದು ಹೇಳಲಾಗದು. ಒಂದು ಕಂಪನಿ ತನ್ನ ಬಂಡವಾಳವನ್ನು 100 ಕೋಟಿ ಷೇರುಗಳಾಗಿ ಹಂಚಿ ತಲಾ 20 ರೂಪಾಯಿಗೆ ಮಾರಾಟವಾಗುತ್ತಿದ್ದರೆ ಅದರ ಒಟ್ಟು ಮೌಲ್ಯ 2,000 ಕೋಟಿ. ಇನ್ನೊಂದು ಕಂಪನಿಯ ಷೇರು 3,000 ರೂಪಾಯಿಯದಾಗಿದ್ದರೂ 50 ಲಕ್ಷ ಷೇರುಗಳೇ ಇದ್ದರೆ ಒಟ್ಟು ಮೌಲ್ಯ 1,500 ಕೋಟಿ. ಹೋಲಿಸಬೇಕಾದದ್ದು ಈ ಒಟ್ಟು ಮೌಲ್ಯವನ್ನು ಕಂಪನಿಯ ಲಾಭ, ಆಸ್ತಿ ಮತ್ತು ಸಾಲದೊಂದಿಗೆ. ಟಯರ್ ತಯಾರಿಸುವ ಎಂಆರ್‌ಎಫ್ ಕಂಪನಿಯ ಒಂದೇ ಷೇರು 2023ರ ಜೂನ್‌ನಲ್ಲಿ ಒಂದು ಲಕ್ಷ ರೂಪಾಯಿ ದಾಟಿತು. ಅದಕ್ಕಿಂತ ಎಷ್ಟೋ ಕಡಿಮೆ ಬೆಲೆಯ ಷೇರುಗಳಿರುವ, ಆದರೆ ಒಟ್ಟು ಮೌಲ್ಯದಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಕಂಪನಿಗಳು ಪೇಟೆಯಲ್ಲಿವೆ. ಟಿಪ್ಸ್ ಹಂಚುವವರು ಹತ್ತು, ಇಪ್ಪತ್ತು ರೂಪಾಯಿಯ ಷೇರುಗಳನ್ನೇ ಆರಿಸಿಕೊಳ್ಳುವುದು ಈ ತಪ್ಪು ತಿಳಿವಳಿಕೆಯನ್ನು ನೆಚ್ಚಿಕೊಂಡೇ.

ನಿನ್ನೆ 1,200 ಇದ್ದದ್ದು ಇವತ್ತು 600 ತೋರಿಸುತ್ತಿದೆ. ಮುಳುಗಿದೆನೇ?

ಬೋನಸ್ ಷೇರು ಅಥವಾ ಷೇರು ವಿಭಜನೆಯ ದಿನವೇ ಎಂದು ಮೊದಲು ನೋಡಿಕೊಳ್ಳಿ. ಒಂದಕ್ಕೊಂದು ಬೋನಸ್ ಕೊಟ್ಟಾಗ ಷೇರುಗಳ ಸಂಖ್ಯೆ ಇಮ್ಮಡಿಯಾಗಿ ಬೆಲೆ ಅರ್ಧವಾಗುತ್ತದೆ. ನಿಮ್ಮ ಒಟ್ಟು ಮೊತ್ತ ಅಷ್ಟೇ ಇರುತ್ತದೆ. ಹೊಸ ಷೇರುಗಳು ಖಾತೆಗೆ ಬರುವವರೆಗೆ ಆ್ಯಪ್‌ನಲ್ಲಿ ನಷ್ಟ ಕಂಡಂತಾಗುವುದುಂಟು.

ಕಂಪನಿಯ ರಿಸಲ್ಟ್ ಚೆನ್ನಾಗಿ ಬಂದರೂ ಷೇರು ಬಿತ್ತಲ್ಲ, ಅದು ಹೇಗೆ?

ಮುಂದೆ ಬರಬಹುದಾದ ಲಾಭದ ಬಗ್ಗೆ ಪೇಟೆಯಲ್ಲಿರುವ ನಿರೀಕ್ಷೆಯು ಬೆಲೆಯಲ್ಲಿ ಮೊದಲೇ ಸೇರಿಹೋಗಿರುತ್ತದೆ. ಲಾಭ ಶೇ 20ರಷ್ಟು ಹೆಚ್ಚಲಿದೆ ಎಂದು ನಂಬಿ ಎಲ್ಲರೂ ಕೊಂಡಿಟ್ಟ ಮೇಲೆ ಶೇ 15ರ ಏರಿಕೆ ಪ್ರಕಟವಾದರೆ, ಪತ್ರಿಕೆಗೆ ಅದು ಒಳ್ಳೆಯ ಸುದ್ದಿ, ಪೇಟೆಗೆ ನಿರಾಸೆ. ಇದರ ಅತಿ ದೊಡ್ಡ ಉದಾಹರಣೆ 2024ರ ಜೂನ್‌ನಲ್ಲಿ ಸಿಕ್ಕಿತು. ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳನ್ನು ನಂಬಿ ಜೂನ್ 3ರಂದು, ದೊಡ್ಡ ಕಂಪನಿಗಳ ಷೇರು ಬೆಲೆಯ ಸೂಚ್ಯಂಕವಾದ ಸೆನ್ಸೆಕ್ಸ್ 2,507 ಅಂಶ ಏರಿತು; ಮರುದಿನ ಆಡಳಿತ ಪಕ್ಷಕ್ಕೆ ಒಂಟಿಯಾಗಿ ಬಹುಮತ ಬರುವುದಿಲ್ಲ ಎಂದು ಮತ ಎಣಿಕೆಯಲ್ಲಿ ಗೊತ್ತಾಗುತ್ತಿದ್ದಂತೆ 4,389 ಅಂಶ ಕುಸಿಯಿತು. ಸರ್ಕಾರ ಅದೇ ಮೈತ್ರಿಕೂಟದ್ದೇ ಆಯಿತು, ಅದೇ ವಾರದ ಕೊನೆಗೆ ಸೂಚ್ಯಂಕ ಕಳೆದುಕೊಂಡದ್ದನ್ನು ಮರಳಿ ಪಡೆಯಿತು. ಆ ಎರಡು ದಿನಗಳಲ್ಲಿ ಕಂಪನಿಗಳ ಗಳಿಕೆಯಲ್ಲಿ ಯಾವ ವ್ಯತ್ಯಾಸವೂ ಆಗಿರಲಿಲ್ಲ. ಬದಲಾದದ್ದು ನಿರೀಕ್ಷೆ ಮಾತ್ರ.

ದಿನಾ ಅಪ್ಪರ್ ಸರ್ಕ್ಯೂಟ್ ಹೊಡೆಯುತ್ತಿದೆ, ನನಗೆ ಮಾತ್ರ ಸಿಗುತ್ತಿಲ್ಲ. ಹೇಗೆ ಹಿಡಿಯುವುದು?

ಹಿಡಿಯದಿರುವುದೇ ಲೇಸು. ವಿನಿಮಯ ಕೇಂದ್ರಗಳು ಷೇರಿಗೆ ತಕ್ಕಂತೆ ಬೆಲೆಯ ಏರಿಳಿತಕ್ಕೆ ಶೇ 2, 5, 10 ಅಥವಾ 20ರ ದೈನಂದಿನ ಮಿತಿಯನ್ನು ಗೊತ್ತುಮಾಡಿವೆ; ಇದರ ಮೇಲ್ಮಿತಿಯೇ ಅಪ್ಪರ್ ಸರ್ಕ್ಯೂಟ್. ಮುಂದಿನ ದಿನದ ಬೆಲೆಯನ್ನು ಆಧರಿಸಿದ ಒಪ್ಪಂದಗಳಾದ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರವಿರುವ ಷೇರುಗಳಿಗೆ ಇಂಥ ಸ್ಥಿರ ಮಿತಿ ಇಲ್ಲ. ಮೇಲ್ಮಿತಿ ಮುಟ್ಟಿದಾಗ ಕೊಳ್ಳುವವರ ಸರದಿ ಇರುತ್ತದೆ, ಮಾರುವವರು ಇರುವುದಿಲ್ಲ. ಇದೇ ಸ್ಥಿತಿ ತಿರುವುಮುರುವಾದಾಗ ಏನಾಗುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಶೇ 5ರ ಕೆಳಮಿತಿಗೆ ಸತತ ಹತ್ತು ದಿನ ಸಿಕ್ಕಿಕೊಂಡರೆ ಒಂದು ಲಕ್ಷ ರೂಪಾಯಿ ಸುಮಾರು 60 ಸಾವಿರಕ್ಕೆ ಇಳಿಯುತ್ತದೆ, ಆ ಹತ್ತೂ ದಿನ ನಿಮ್ಮ ಮಾರಾಟದ ಆರ್ಡರ್‌ಗೆ ಗಿರಾಕಿ ಇರುವುದಿಲ್ಲ. ಸಲೀಸಾಗಿ ಸಿಗದ ಷೇರು ಸಲೀಸಾಗಿ ಮಾರಾಟವೂ ಆಗದು.

## ಬೆಲೆ ಏಕೆ ಕದಲುತ್ತದೆ

ಸಕ್ಕರೆ ಷೇರುಗಳೆಲ್ಲ ಒಂದೇ ದಿನ ಒಟ್ಟಿಗೆ ಬೀಳುತ್ತವಲ್ಲ, ಎಲ್ಲ ಕಾರ್ಖಾನೆಗೂ ಒಂದೇ ಸಲ ನಷ್ಟವಾಯಿತೇ?

ಕಬ್ಬು ಬೆಳೆಯುವ ಜಿಲ್ಲೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಸಕ್ಕರೆ ಉದ್ಯಮದಲ್ಲಿ ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆಯಾದ ಎಫ್‌ಆರ್‌ಪಿ ದರ, ರಫ್ತಿನ ಪ್ರಮಾಣ, ಎಥೆನಾಲ್ ಖರೀದಿಯ ಬೆಲೆ ಇವೆಲ್ಲವೂ ಕೇಂದ್ರ ಸರ್ಕಾರದ ಕೈಯಲ್ಲಿವೆ. 2023ರ ಡಿಸೆಂಬರ್ 7ರಂದು, ಆ ಹಂಗಾಮಿನಲ್ಲಿ ಕಬ್ಬಿನ ರಸದಿಂದ ನೇರವಾಗಿ ಎಥೆನಾಲ್ ತಯಾರಿಸಬಾರದೆಂದು ಕೇಂದ್ರ ಆದೇಶಿಸಿದಾಗ ದೇಶದ ಸಕ್ಕರೆ ಷೇರುಗಳು ಸಾಲಾಗಿ ಬಿದ್ದವು. ಮುಂದಿನ ವರ್ಷ ಆಗಸ್ಟ್‌ನಲ್ಲಿ ಆ ನಿರ್ಬಂಧ ತೆರವಾಯಿತು. ಚೆನ್ನಾಗಿ ನಡೆಯುತ್ತಿದ್ದ ಕಾರ್ಖಾನೆ, ಕುಂಟುತ್ತಿದ್ದ ಕಾರ್ಖಾನೆ ಎಂಬ ಭೇದವನ್ನು ಪೇಟೆ ಆ ದಿನ ಹೆಚ್ಚು ಮಾಡಲಿಲ್ಲ, ಏಕೆಂದರೆ ಕಾರಣ ಇಡೀ ಉದ್ಯಮದ್ದಾಗಿತ್ತು.

ಆದ್ದರಿಂದ ನಿಮ್ಮ ಷೇರು ಕದಲಿದಾಗ ಮೂರು ಪದರಗಳನ್ನು ಬೇರ್ಪಡಿಸಿ ನೋಡಿ. ಇಡೀ ಸೂಚ್ಯಂಕವೇ ಅಷ್ಟು ಕದಲಿದೆಯೇ? ಅದೇ ಉದ್ಯಮದ ಉಳಿದ ಕಂಪನಿಗಳೂ ಕದಲಿವೆಯೇ? ಎರಡೂ ಅಲ್ಲವಾದರೆ ಮಾತ್ರ ಆ ಕಂಪನಿಗೇ ಸೇರಿದ ಕಾರಣವನ್ನು ಹುಡುಕಬೇಕು, ಅದೂ ಮೊದಲು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಕಂಪನಿಯೇ ಸಲ್ಲಿಸಿದ ಪ್ರಕಟಣೆಗಳಲ್ಲಿ.

ವಿದೇಶಿಯರು ಮಾರಿದರು ಅಂತ ದಿನಾ ಬರೆಯುತ್ತಾರೆ. ಅವರು ಮಾರಿದರೆ ನಮಗೇನು?

ಅವರ ಒಂದೊಂದು ಆರ್ಡರ್ ದೊಡ್ಡದು; ಅವಸರದಲ್ಲಿ ಮಾರಬೇಕಾದಾಗ ಸಿಕ್ಕ ಬೆಲೆಗೆ ಮಾರುತ್ತಾರೆ, ಅದರಿಂದ ಬ್ಯಾಂಕ್‌ಗಳಂಥ ದೊಡ್ಡ ಷೇರುಗಳೂ ಇಳಿಯುತ್ತವೆ. 2024ರ ಅಕ್ಟೋಬರ್ ಒಂದೇ ತಿಂಗಳಲ್ಲಿ ವಿದೇಶಿ ಹೂಡಿಕೆದಾರರು 94 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ನಿವ್ವಳ ಮಾರಾಟ ಮಾಡಿದರು, ಸೆನ್ಸೆಕ್ಸ್‌ನಂಥದೇ ಇನ್ನೊಂದು ಸೂಚ್ಯಂಕವಾದ ನಿಫ್ಟಿ ಸುಮಾರು ಶೇ 6ರಷ್ಟು ಇಳಿಯಿತು. ಆದರೆ ಅವರು ಮಾರಿದ್ದೆಲ್ಲವನ್ನೂ ಯಾರೋ ಕೊಂಡಿದ್ದಾರೆ. ಆ ತಿಂಗಳು ಕೊಂಡವರಲ್ಲಿ ಮುಖ್ಯರು ನಮ್ಮದೇ ಮ್ಯೂಚುವಲ್ ಫಂಡ್‌ಗಳು ಮತ್ತು ವಿಮಾ ಸಂಸ್ಥೆಗಳು. ಅಂದರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ಎಸ್‌ಐಪಿ ಎಂಬ ಕಂತು ಕಟ್ಟುವವರ ಹಣ.

ಸಂಜೆ ಟೀವಿಯಲ್ಲಿ ಹೇಳುವ ಕಾರಣವನ್ನು ನಂಬಬಹುದೇ?

ಶೇ 1ರ ಒಳಗಿನ ಏರಿಳಿತಕ್ಕೆ ಬಹುಪಾಲು ಕಾರಣವೇ ಇರುವುದಿಲ್ಲ. "ಲಾಭ ಗಳಿಕೆಯ ಮಾರಾಟ" ಎಂಬ ಮಾತನ್ನು ಯಾವ ದಿನದ ಇಳಿಕೆಗೆ ಬೇಕಾದರೂ ಅಂಟಿಸಬಹುದು.

## ಟಿಪ್ಸ್ ಮತ್ತು ಅದನ್ನು ಕೊಡುವವರು

ಗೆಳೆಯರು ಪ್ರೀತಿಯಿಂದ ಒಂದು ಷೇರಿನ ಹೆಸರು ಹೇಳಿದರೆ ತಪ್ಪೇನು? ಅವರೇನು ದುಡ್ಡು ಕೇಳಿಲ್ಲವಲ್ಲ.

ತಪ್ಪಿಲ್ಲ. ಷೇರಿನ ಬಗ್ಗೆ ಮಾತನಾಡುವುದು, ಲೆಕ್ಕಪತ್ರ ಓದಿ ಅಭಿಪ್ರಾಯ ಹಂಚಿಕೊಳ್ಳುವುದು ಒಳ್ಳೆಯ ಅಭ್ಯಾಸವೇ. ಹಾಗೆ ಕಲಿತವರೇ ಹೆಚ್ಚು. ತೊಂದರೆ ಬರುವುದು ಕಾರಣವಿಲ್ಲದೆ ಹೆಸರು ಮಾತ್ರ ಕೈಯಿಂದ ಕೈಗೆ ದಾಟಿದಾಗ. ಷೇರಿನ ಹೆಸರು, "ಇಷ್ಟಕ್ಕೆ ಹೋಗುತ್ತೆ" ಎಂಬ ಒಂದು ಸಂಖ್ಯೆ, "ನಾಳೆಯೊಳಗೆ ತಗೊಳ್ಳಿ" ಎಂಬ ಅವಸರ, ಈ ಮೂರು ಬಂದು ನಾಲ್ಕನೆಯದಾದ ಕಾರಣ ಬಾರದಿದ್ದರೆ ಅದು ಟಿಪ್, ಅಭಿಪ್ರಾಯವಲ್ಲ.

ಹೆಸರು ಹೇಳಿದ ಗೆಳೆಯನನ್ನು ಸಂಕೋಚವಿಲ್ಲದೆ ಕೇಳಬೇಕು: ನಿನ್ನ ಬಳಿ ಈ ಷೇರು ಇದೆಯೇ, ಯಾವಾಗ, ಯಾವ ಬೆಲೆಗೆ ಕೊಂಡೆ? ನಿನಗೆ ಇದನ್ನು ಹೇಳಿದವರು ಯಾರು? ಏನಾದರೆ ನೀನು ಮಾರುತ್ತೀಯ? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ. ಕೊಳ್ಳುವಾಗ ಹತ್ತು ಜನಕ್ಕೆ ಫೋನ್ ಮಾಡಿ ಹೇಳುವವರು ಮಾರುವಾಗ ಯಾರಿಗೂ ಹೇಳುವುದಿಲ್ಲ. ಇದು ದುಷ್ಟತನವೇ ಆಗಬೇಕಿಲ್ಲ. ಮಾರಿದ್ದನ್ನು ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ ಎಂಬ ದಾಕ್ಷಿಣ್ಯವೂ ಇರುತ್ತದೆ. ಆದರೆ ಪರಿಣಾಮ ಒಂದೇ: ಹೇಳಿದವನು ಹೊರಗೆ, ಕೇಳಿದವನು ಒಳಗೆ. ನಮ್ಮಂಥ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಬೀಗರೋ, ಸಹಪಾಠಿಗಳೋ ಆಗಿರುವುದರಿಂದ ಈ ದಾಕ್ಷಿಣ್ಯ ಇನ್ನೂ ಹೆಚ್ಚು. ಟಿಪ್ ನಂಬಿ ಕಳೆದುಕೊಂಡ ಹಣಕ್ಕಿಂತ, ಆಮೇಲೆ ಮದುವೆ ಮನೆಯಲ್ಲಿ ಮುಖ ತಪ್ಪಿಸುವುದೇ ದೊಡ್ಡ ನಷ್ಟವಾದ ಮನೆಗಳಿವೆ.

ಇನ್ನೊಂದು ಸೂಕ್ಷ್ಮವಿದೆ. ಸುಳಿವು ನಿಮಗೆ ತಲುಪುವ ಹೊತ್ತಿಗೆ ಎಷ್ಟು ಕೈ ದಾಟಿದೆ ಎಂಬುದು ನಿಮಗೆ ಗೊತ್ತಿರುವುದಿಲ್ಲ, ದಾಟಿದ ಪ್ರತಿಯೊಂದು ಕೈಯೂ ನಿಮಗಿಂತ ಕಡಿಮೆ ಬೆಲೆಗೆ ಕೊಂಡಿರುವ ಸಾಧ್ಯತೆ ಇದೆ. ಕಳೆದ ಮೂರು ತಿಂಗಳ ಬೆಲೆ ಮತ್ತು ವ್ಯವಹಾರದ ಪ್ರಮಾಣವನ್ನು ಒಮ್ಮೆ ನೋಡಿದರೆ ಸಾಮಾನ್ಯವಾಗಿ ಇದು ತಿಳಿಯುತ್ತದೆ.

ಟೆಲಿಗ್ರಾಂ ಗ್ರೂಪಿನವರು ಕೊಟ್ಟ ಮೂರಕ್ಕೆ ಮೂರೂ ಸರಿಯಾದವು. ಇನ್ನಾದರೂ ನಂಬಬಹುದಲ್ಲವೇ?

ಒಂದು ಲೆಕ್ಕ ಮಾಡಿ ನೋಡಿ. ಎಂಟು ಸಾವಿರ ಮೊಬೈಲ್ ಸಂಖ್ಯೆಗಳಿರುವವನು ಅರ್ಧ ಜನಕ್ಕೆ "ಏರುತ್ತದೆ" ಎಂದೂ ಉಳಿದ ಅರ್ಧಕ್ಕೆ "ಇಳಿಯುತ್ತದೆ" ಎಂದೂ ಕಳಿಸುತ್ತಾನೆ. ಸರಿಯಾದ ನಾಲ್ಕು ಸಾವಿರದವರನ್ನು ಮತ್ತೆ ಎರಡು ಭಾಗ ಮಾಡುತ್ತಾನೆ, ಮೂರನೆಯ ಸಲವೂ ಹಾಗೆಯೇ. ಕೊನೆಗೆ ಒಂದು ಸಾವಿರ ಜನರಿಗೆ ಅವನು ಮೂರಕ್ಕೆ ಮೂರು ಸರಿ ಹೇಳಿದ ಜ್ಞಾನಿಯಾಗಿ ಕಾಣುತ್ತಾನೆ. ಅವನಿಗೆ ಷೇರಿನ ಬಗ್ಗೆ ಏನೂ ತಿಳಿದಿರಬೇಕಿಲ್ಲ. ನಾಲ್ಕನೆಯ ಸಂದೇಶದಲ್ಲಿ ಶುಲ್ಕ ಕೇಳುತ್ತಾನೆ. ಇಷ್ಟು ಶ್ರಮವನ್ನೂ ಪಡದವರು ತಪ್ಪಾದ ಸಂದೇಶಗಳನ್ನು ಅಳಿಸಿ ಹಾಕುತ್ತಾರೆ, ಲಾಭದ ಸ್ಕ್ರೀನ್‌ಶಾಟ್‌ಗಳನ್ನು ತಾವೇ ತಯಾರಿಸುತ್ತಾರೆ.

ಆಪರೇಟರ್ ಅಂತಾರಲ್ಲ, ಅವರು ನಿಜವಾಗಿ ಏನು ಮಾಡುತ್ತಾರೆ?

ಕಡಿಮೆ ಷೇರುಗಳು ಓಡಾಡುವ ಸಣ್ಣ ಕಂಪನಿಯೊಂದನ್ನು ಆರಿಸಿ, ಸದ್ದಿಲ್ಲದೆ ಷೇರು ಕೂಡಿಹಾಕಿ, ತಮ್ಮತಮ್ಮಲ್ಲೇ ಕೊಟ್ಟು ಕೊಂಡು ಬೆಲೆಯನ್ನೂ ಪ್ರಮಾಣವನ್ನೂ ಏರಿಸುತ್ತಾರೆ. ಆಮೇಲೆ ಸುದ್ದಿ ಹರಡುತ್ತಾರೆ, ಸಾರ್ವಜನಿಕರು ನುಗ್ಗಿದಾಗ ಅವರಿಗೇ ಮಾರಿ ಹೊರಬರುತ್ತಾರೆ. ಸಾಧನಾ ಬ್ರಾಡ್‌ಕಾಸ್ಟ್ ಷೇರಿನ ಬಗ್ಗೆ ಷೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2023ರ ಮಾರ್ಚ್‌ನಲ್ಲಿ ಹೊರಡಿಸಿದ ಮಧ್ಯಂತರ ಆದೇಶ ಓದಲು ಯೋಗ್ಯವಾದದ್ದು. ಆ ಆದೇಶದ ಪ್ರಕಾರ, ದೊಡ್ಡ ಉದ್ಯಮ ಸಮೂಹವೊಂದು ಕಂಪನಿಯನ್ನು ಕೊಳ್ಳಲಿದೆ ಎಂಬಂಥ ಸುಳ್ಳುಗಳನ್ನು 2022ರಲ್ಲಿ ಯೂಟ್ಯೂಬ್ ವಿಡಿಯೊಗಳ ಮೂಲಕ ಹರಡಲಾಯಿತು. ಸಣ್ಣ ಷೇರುದಾರರ ಸಂಖ್ಯೆ ಸುಮಾರು 2 ಸಾವಿರದಿಂದ 55 ಸಾವಿರಕ್ಕೆ ಏರಿತು. ಅದೇ ಸಮಯದಲ್ಲಿ ಒಳಗಿನವರು ಮಾರಿಕೊಂಡರು. ಕಾರಣವಿಲ್ಲದೆ ಹತ್ತಾರು ಪಟ್ಟು ಹೆಚ್ಚಿದ ವ್ಯವಹಾರದ ಪ್ರಮಾಣ ಮತ್ತು ವಿನಿಮಯ ಕೇಂದ್ರದ ಎಎಸ್‌ಎಂ, ಜಿಎಸ್‌ಎಂ ಎಂಬ ನಿಗಾ ಪಟ್ಟಿಗಳಲ್ಲಿ ಷೇರಿನ ಹೆಸರು ಇರುವುದು ಎಚ್ಚರಿಕೆಯ ಗುರುತುಗಳು. "ಆಪರೇಟರ್ ಜೊತೆ ನಾವೂ ಹೋಗಿ ಮೊದಲೇ ಇಳಿಯೋಣ" ಎನ್ನುವವರು ನಮ್ಮೂರಲ್ಲೂ ಇದ್ದಾರೆ. ಇಳಿಯುವ ದಿನ ಯಾವುದೆಂದು ಗೊತ್ತಿರುವುದು ಆಪರೇಟರ್‌ಗೆ ಮಾತ್ರ.

ಸೆಬಿ ನೋಂದಣಿ ಇದೆ ಎನ್ನುತ್ತಾರೆ. ನಿಜವೋ ಸುಳ್ಳೋ ತಿಳಿಯುವುದು ಹೇಗೆ?

ಹಣ ಪಡೆದು ಷೇರು ಶಿಫಾರಸು ಮಾಡುವವರು 2014ರ ನಿಯಮಗಳಡಿ ಸಂಶೋಧನಾ ವಿಶ್ಲೇಷಕರಾಗಿ, ವೈಯಕ್ತಿಕ ಸಲಹೆ ನೀಡುವವರು 2013ರ ನಿಯಮಗಳಡಿ ಹೂಡಿಕೆ ಸಲಹೆಗಾರರಾಗಿ ನೋಂದಾಯಿಸಿಕೊಂಡಿರಬೇಕು. ಮೊದಲನೆಯವರ ಸಂಖ್ಯೆ ಐಎನ್‌ಎಚ್ ಎಂದೂ ಎರಡನೆಯವರದು ಐಎನ್‌ಎ ಎಂದೂ ಆರಂಭವಾಗುತ್ತದೆ. ಅವರು ಕಳಿಸಿದ ಪ್ರಮಾಣಪತ್ರದ ಚಿತ್ರವನ್ನು ನಂಬದೆ, ಸೆಬಿ ಜಾಲತಾಣದ ಪಟ್ಟಿಯಲ್ಲಿ ಸಂಖ್ಯೆ, ಹೆಸರು, ಫೋನ್ ಮೂರನ್ನೂ ತಾಳೆ ನೋಡಿ. ಬೇರೆಯವರ ಸಂಖ್ಯೆಯನ್ನು ಕದ್ದು ಬಳಸುವುದು ಸಾಮಾನ್ಯ. ನೋಂದಣಿ ಇದ್ದವರೂ ಖಚಿತ ಲಾಭದ ಭರವಸೆ ಕೊಡುವಂತಿಲ್ಲ, ಕೊಟ್ಟರೆ ಅಲ್ಲಿಗೆ ಮಾತು ನಿಲ್ಲಿಸಿ.

ಷೇರು ಕಲಿಸುವ ತರಗತಿಗಳ ಬಗ್ಗೆಯೂ ಕೇಳುತ್ತಾರೆ. ಕಲಿಸುವುದಕ್ಕೆ ನೋಂದಣಿ ಬೇಕಿಲ್ಲ. ಆದರೆ ಪಾಠದ ಹೆಸರಿನಲ್ಲಿ ಟಿಪ್ಸ್ ಮಾರುವುದನ್ನು ತಡೆಯಲು, ಇತ್ತೀಚಿನ ಮೂರು ತಿಂಗಳ ಬೆಲೆಗಳನ್ನು ಬಳಸಿ ಷೇರುಗಳ ಬಗ್ಗೆ ಹೇಳಬಾರದೆಂದು ಸೆಬಿ 2025ರ ಜನವರಿಯ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತು.

ಆ್ಯಪ್‌ನಲ್ಲಿ ಲಾಭ ಲಕ್ಷಗಟ್ಟಲೆ ತೋರಿಸುತ್ತಿದೆ, ಹಣ ತೆಗೆಯಲು ಹೋದರೆ ಮೊದಲು ತೆರಿಗೆ ಕಟ್ಟಿ ಎನ್ನುತ್ತಾರೆ. ಕಟ್ಟಲೇ?

ಕಟ್ಟಬೇಡಿ. ಅದು ಷೇರು ವ್ಯವಹಾರವೇ ಅಲ್ಲ, ನಕಲಿ ಆ್ಯಪ್. ನಿಮ್ಮ ಹೆಸರಿನಲ್ಲಿ ನಿಜವಾಗಿ ಷೇರು ಇದ್ದರೆ ಅದು ಷೇರುಗಳ ದಾಖಲೆ ಇಡುವ ಸಂಸ್ಥೆಗಳಾದ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಕಳಿಸುವ ವಿವರಪಟ್ಟಿಯಲ್ಲಿ ಕಾಣಬೇಕು. ಷೇರಿನ ಲಾಭದ ತೆರಿಗೆಯನ್ನು ಆದಾಯ ತೆರಿಗೆ ಇಲಾಖೆಗೆ ಕಟ್ಟುತ್ತೇವೆ, ಯಾರದೋ ಖಾತೆಗೆ ಅಲ್ಲ. ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ದಾಖಲಾದರೆ ಹಣ ಮುಂದೆ ಸಾಗದಂತೆ ತಡೆಯುವ ಸಾಧ್ಯತೆ ಹೆಚ್ಚು.

## ಇನ್ನಷ್ಟು ಒಳಹೊಕ್ಕು ಕೇಳಿದ ಪ್ರಶ್ನೆಗಳು

ನಮ್ಮ ಬಂಧು ಕಂಪನಿಯಲ್ಲೇ ಕೆಲಸ ಮಾಡುತ್ತಾನೆ. ಅವನು ಒಳಗಿನ ವಿಷಯ ಹೇಳಿದರೆ ಕೊಳ್ಳಬಹುದೇ?

ಪ್ರಕಟವಾಗದ, ಬೆಲೆಯ ಮೇಲೆ ಪರಿಣಾಮ ಬೀರಬಲ್ಲ ಮಾಹಿತಿಯನ್ನು ಇಟ್ಟುಕೊಂಡು ವ್ಯವಹರಿಸುವುದು 2015ರ ಸೆಬಿ ನಿಯಮಗಳ ಪ್ರಕಾರ ಅಪರಾಧ; ಹೇಳಿದವನಿಗೂ ಕೇಳಿ ಕೊಂಡವನಿಗೂ ಅದು ಅನ್ವಯಿಸುತ್ತದೆ. ದಂಡ ಕನಿಷ್ಠ 10 ಲಕ್ಷ ರೂಪಾಯಿಯಿಂದ 25 ಕೋಟಿಯವರೆಗೆ, ಇಲ್ಲವೇ ಗಳಿಸಿದ ಲಾಭದ ಮೂರು ಪಟ್ಟು, ಯಾವುದು ಹೆಚ್ಚೋ ಅಲ್ಲಿಯವರೆಗೆ ಹೋಗಬಹುದು.

ಎಲ್ಲರ ಕಣ್ಣಿಗೂ ಕಾಣುವುದನ್ನು ಗಮನಿಸಿ ನಿರ್ಧರಿಸುವುದು ಅಪರಾಧವಲ್ಲ. ಆದರೆ ಊರಿನ ತಿಳಿವಳಿಕೆಯ ತೂಕವನ್ನು ನಾವು ಹೆಚ್ಚಾಗಿ ಅಂದಾಜಿಸುತ್ತೇವೆ. ಹರಿಹರದಿಂದ ತುಂಗಭದ್ರೆ ದಾಟಿದರೆ ಸಿಗುವ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಕೆಲಸ ಜೋರಾಗಿದೆ ಎಂದು ಗ್ರಾಸಿಂ ಷೇರು ಕೊಂಡವರನ್ನು ಕಂಡಿದ್ದೇನೆ. ಆ ಕಂಪನಿಗೆ ದೇಶದ ಬೇರೆ ಕಡೆಗಳಲ್ಲೂ ನಾರು ಮತ್ತು ರಾಸಾಯನಿಕ ಘಟಕಗಳಿವೆ, ಬಣ್ಣದ ಉದ್ಯಮವಿದೆ, ಅಲ್ಟ್ರಾಟೆಕ್ ಸಿಮೆಂಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿದೆ. ನಮ್ಮ ಕಣ್ಣೆದುರಿನ ಚಿಮಣಿ ಅದರ ಲೆಕ್ಕಪತ್ರದಲ್ಲಿ ಒಂದು ಸಣ್ಣ ಸಾಲು.

ಟಿಪ್ ಬಂದಾಗ ಕೊಳ್ಳುವ ಮುಂಚೆ ನಾನೇ ಏನೇನು ನೋಡಬಹುದು? ನಾನು ಸಿಎ ಓದಿದವನಲ್ಲ.

ಸಿಎ ಓದಬೇಕಿಲ್ಲ, ವಿನಿಮಯ ಕೇಂದ್ರದ ಜಾಲತಾಣದಲ್ಲಿ ಕಂಪನಿಯ ಪುಟವನ್ನು ತೆರೆಯುವ ತಾಳ್ಮೆ ಬೇಕು. ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಸಲ್ಲಿಸುವ ಷೇರುದಾರಿಕೆಯ ವಿವರದಲ್ಲಿ ಪ್ರವರ್ತಕರ, ಅಂದರೆ ಕಂಪನಿ ಕಟ್ಟಿ ಹಿಡಿತದಲ್ಲಿಟ್ಟುಕೊಂಡವರ, ಪಾಲು ಇಳಿಯುತ್ತಿದೆಯೇ, ಅದರಲ್ಲಿ ಎಷ್ಟು ಅಡಮಾನವಾಗಿದೆ ಎಂದು ನೋಡಿ. ಅಡಮಾನದ ಷೇರುಗಳ ಬೆಲೆ ಬಿದ್ದರೆ ಸಾಲ ಕೊಟ್ಟವರು ಅವನ್ನು ಮಾರುತ್ತಾರೆ, ಆ ಮಾರಾಟದಿಂದ ಬೆಲೆ ಇನ್ನೂ ಬೀಳುತ್ತದೆ. ಆಮೇಲೆ ಲಾಭದ ಜೊತೆಗೆ ನಗದು ಹರಿವಿನ ಪಟ್ಟಿಯನ್ನು ಇಟ್ಟು ನೋಡಿ: ಮೂರ್ನಾಲ್ಕು ವರ್ಷ ಲಾಭ ಬರೆದೂ ವ್ಯವಹಾರದಿಂದ ನಗದು ಬಾರದಿದ್ದರೆ, ಮಾರಿದ ಸರಕಿನ ಹಣ ವಸೂಲಾಗಿಲ್ಲ ಅಥವಾ ಲಾಭವೇ ಕಾಗದದ್ದು. ಲೆಕ್ಕಪರಿಶೋಧಕರು ಅವಧಿಗೆ ಮುನ್ನ ರಾಜೀನಾಮೆ ಕೊಟ್ಟಿದ್ದರೆ ಅವರ ಪತ್ರವನ್ನು ಓದಿ.

ಇಷ್ಟೆಲ್ಲ ನೋಡಿದರೂ ಮೋಸ ಹೋಗುವುದುಂಟು. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರು ಪುಸ್ತಕದಲ್ಲಿದ್ದ 5,000 ಕೋಟಿಗೂ ಹೆಚ್ಚು ನಗದು ಮತ್ತು ಬ್ಯಾಂಕ್ ಠೇವಣಿ ನಿಜಕ್ಕೂ ಇಲ್ಲವೆಂದು ಒಪ್ಪಿಕೊಂಡಾಗ ಷೇರು ಅದೇ ದಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಒಂದೇ ಷೇರಿನಲ್ಲಿ ಎಲ್ಲವನ್ನೂ ಇಡಬಾರದೆಂಬ ಹಳೆಯ ಮಾತಿಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಡ.

ಆಪ್ಷನ್ ಟಿಪ್ಸ್‌ನಲ್ಲಿ ಹತ್ತು ಸಾವಿರ ಹಾಕಿ ಲಕ್ಷ ಮಾಡಿದವರಿದ್ದಾರಂತೆ?

ಇದ್ದಾರೆ, ಕೆಲವು ದಿನಗಳ ಮಟ್ಟಿಗೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದು, ಅವರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ಷೇರು ಬಿದ್ದರೆ ಕಾಯಬಹುದು. ಆಪ್ಷನ್‌ಗೆ ಮುಗಿಯುವ ದಿನ ಗೊತ್ತಾಗಿರುತ್ತದೆ, ಬೆಲೆ ಕದಲದಿದ್ದರೂ ದಿನ ಕಳೆದಂತೆ ಅದರ ಮೌಲ್ಯ ಸವೆಯುತ್ತದೆ.

ನಾನು ಚೆನ್ನಾಗಿ ಓದಿ ಒಂದು ಷೇರು ಆರಿಸಿದ್ದೇನೆ. ಬಳಗದವರಿಗೆ ಹೇಳಬೇಕು. ಹೇಗೆ ಹೇಳಿದರೆ ಸರಿ?

ಕಾರಣವನ್ನು ಮೊದಲು ಹೇಳಿ, ಹೆಸರನ್ನು ಆಮೇಲೆ ಹೇಳಿ. ನಿಮ್ಮ ಬಳಿ ಆ ಷೇರು ಇದೆಯೇ, ಎಷ್ಟಕ್ಕೆ ಕೊಂಡಿರಿ ಎಂಬುದನ್ನು ಕೇಳುವ ಮುನ್ನವೇ ತಿಳಿಸಿ. ನಿಮ್ಮ ಊಹೆ ತಪ್ಪೆಂದು ಯಾವುದರಿಂದ ತಿಳಿಯುತ್ತದೆ ಎಂಬುದನ್ನೂ ಒಂದು ಸಾಲಿನಲ್ಲಿ ಬರೆದಿಡಿ, ಮಾರುವಾಗ ಅದೇ ಜನರಿಗೆ ಹೇಳಿ. ಗುರಿ ಬೆಲೆಯನ್ನೂ ದಿನಾಂಕವನ್ನೂ ಹೇಳಬೇಡಿ. ಇದಕ್ಕಾಗಿ ಒಂದು ರೂಪಾಯಿ ಪಡೆದರೂ ಮೇಲೆ ಹೇಳಿದ ನೋಂದಣಿಯ ಪ್ರಶ್ನೆ ಎದ್ದೇಳುತ್ತದೆ.

ಪರಿಚಯದವರೊಬ್ಬರು ನನ್ನ ಡಿಮ್ಯಾಟ್ ಖಾತೆಯನ್ನು ತಾವೇ ನಡೆಸಿ, ಲಾಭದಲ್ಲಿ ಅರ್ಧ ತೆಗೆದುಕೊಳ್ಳುತ್ತೇನೆ ಎನ್ನುತ್ತಾರೆ. ಒಪ್ಪಬಹುದೇ?

ಒಪ್ಪಬಾರದು. ಬೇರೆಯವರ ಷೇರು ಹಣವನ್ನು ಶುಲ್ಕ ಪಡೆದು ನಿರ್ವಹಿಸಲು ಪೋರ್ಟ್‌ಫೋಲಿಯೊ ನಿರ್ವಾಹಕರೆಂಬ ಸೆಬಿ ನೋಂದಣಿ ಬೇಕು, ಅಲ್ಲಿ ಒಬ್ಬ ಗ್ರಾಹಕನ ಕನಿಷ್ಠ ಹೂಡಿಕೆಯೇ 50 ಲಕ್ಷ ರೂಪಾಯಿ. ಲಾಭದಲ್ಲಿ ಅರ್ಧ ಅವರಿಗೆ, ನಷ್ಟವಾದರೆ ಪೂರ್ತಿ ನಿಮಗೆ ಎಂಬ ಒಪ್ಪಂದದಲ್ಲಿ, ಅವರಿಗೆ ಹೆಚ್ಚು ಅಪಾಯದ ವ್ಯವಹಾರವೇ ಹೆಚ್ಚು ಲಾಭದಾಯಕ. ಖಾತೆಯಲ್ಲಿ ನಡೆದ ಪ್ರತಿಯೊಂದು ವ್ಯವಹಾರಕ್ಕೂ ತೆರಿಗೆ ಇಲಾಖೆ ಮತ್ತು ಸೆಬಿ ಹೊಣೆಯಾಗಿಸುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರನ್ನು. ಈಗಾಗಲೇ ಪಾಸ್‌ವರ್ಡ್ ಕೊಟ್ಟಿದ್ದರೆ ಇಂದೇ ಬದಲಾಯಿಸಿ, ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ನಿಮ್ಮದೇ ಇವೆಯೇ ಎಂದು ಬ್ರೋಕರ್ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.